ಹೊಲಿಗೆ ಯಂತ್ರದೊಳಗಿನ ಅಕ್ಷತೆ

ಕೋವಿಡ್ ಬರುವುದಕ್ಕೆ ಎರಡು ವರ್ಷ ಮುಂಚಿನ ಮಾತು. ಆಗ ನಾನು ಅಮೆರಿಕದ ಸನಿವೇಲ್‌ನ ಒಂದು ಹೊಲಿಗೆ ಯಂತ್ರದ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದೆ. ಓದಿದ್ದು ಹುಬ್ಬಳ್ಳಿಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ. ಕೆಲಸ ಕಲಿತದ್ದೂ ಅಲ್ಲೇ, ಸೋದರಮಾವನ ರಿಪೇರಿ ಅಂಗಡಿಯಲ್ಲಿ. ಹೆಂಡತಿಯ ಅಣ್ಣ ನಮ್ಮನ್ನು ಅಮೆರಿಕಕ್ಕೆ ಕರೆಸಿಕೊಂಡ ಮೇಲೆ ಅದೇ ಕೆಲಸ ಇಲ್ಲೂ ಅನ್ನ ಹಾಕಿತು. ಅಂಗಡಿಯ ಒಡತಿ ವಿಯೆಟ್ನಾಂ ಕಡೆಯವರು. ಭಾರತದ ಗಿರಾಕಿಗಳು ಬಂದರೆ ನನ್ನ ಕಡೆ ಕೈ ತೋರಿಸಿ ತಾವು ಒಳಗೆ ಹೋಗುತ್ತಿದ್ದರು. ಸುತ್ತಲಿನ ಕನ್ನಡದವರಿಗೆಲ್ಲ ನಾನು ಗುರಣ್ಣ.

ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ, ಯಾವ ಬ್ರ್ಯಾಂಡು ನಂಬಬಹುದು ಎಂದು. ಪ್ರತಿಯೊಂದು ಕಂಪನಿಯೂ ಒಳ್ಳೆಯ ಮಾಡೆಲ್ಲನ್ನೂ ಮಾಡುತ್ತದೆ, ಕೆಟ್ಟದ್ದನ್ನೂ ಮಾಡುತ್ತದೆ. ಯಂತ್ರವನ್ನು ಎತ್ತಿ ನೋಡಿ, ಒಳಗೆ ಲೋಹದ ಚೌಕಟ್ಟಿದ್ದರೆ ಕೈಗೆ ಭಾರ ತಿಳಿಯುತ್ತದೆ. ಬಿಡಿಭಾಗ ಹತ್ತು ವರ್ಷದ ಮೇಲೂ ಸಿಗುತ್ತದೆಯೇ ಎಂದು ಕೇಳಿ. ಇಷ್ಟು ಹೇಳಿ, ಕೊನೆಗೆ ನನಗೆ ಇಷ್ಟವಾದ ಒಂದು ಜಪಾನಿ ಕಂಪನಿಯದನ್ನು ಮುಂದಿಡುತ್ತಿದ್ದೆ. ಜನ ಅದನ್ನೇ ಒಯ್ಯುತ್ತಿದ್ದರು. ನನ್ನ ಮಾತಿಗೆ ಎದುರಾಡುವವರು ಕಡಿಮೆ. ಅದು ನನಗೆ ಅಭ್ಯಾಸವಾಗಿತ್ತು.

ಆ ಬೇಸಿಗೆಯಲ್ಲಿ ಶಾಂತಕ್ಕ ಸೊಸೆಯನ್ನು ಕರೆದುಕೊಂಡು ಬಂದರು. ಧಾರವಾಡದವರು, ಗಂಡ ತೀರಿಕೊಂಡ ಮೇಲೆ ಪಕ್ಕದೂರು ಮೌಂಟನ್ ವ್ಯೂನಲ್ಲಿ ಮಗ ಸೊಸೆಯ ಜೊತೆ ಇದ್ದರು. ಸೊಸೆ ದೀಪಾ ಮೈಸೂರಿನ ಹುಡುಗಿ, ಲಾಸ್ ಗ್ಯಾಟೋಸ್‌ನಲ್ಲಿ ಇಂಜಿನಿಯರು. ಶಾಂತಕ್ಕನಿಗೆ ಕಾರು ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ರವಿಕೆ ಹೊಲಿಯುವುದರಲ್ಲಿ ಅವರ ಕೈ ಎಂಥದ್ದೆಂದು ಅವರ ಅಪಾರ್ಟ್‌ಮೆಂಟಿನ ಹೆಂಗಸರಿಗೆಲ್ಲ ಗೊತ್ತಿತ್ತು.

ನಾನು ಜಪಾನಿ ಯಂತ್ರ ತೋರಿಸಿದೆ. ಅವರು ಪಕ್ಕದ ಇನ್ನೊಂದು ಬ್ರ್ಯಾಂಡಿನ ಮೇಲೆ ಕೈಯಿಟ್ಟರು.

"ಗುರಣ್ಣ, ಈ ಕಂಪನಿ ಮಷೀನು ನಮ್ಮನ್ಯಾಗ ಮೂವತ್ತು ವರ್ಷ ಇತ್ತು. ಒಂದು ದಿನ ಕೆಮ್ಮಲಿಲ್ಲ. ನಿಮ್ಮಂಥಾ ರಿಪೇರಿಯವರಿಗೆ ನಮ್ಮ ಮನಿ ಹಾದೀನ ಗೊತ್ತಿರಲಿಲ್ಲ ನೋಡ್ರಿ."

ಅಂಗಡಿಯಲ್ಲಿದ್ದ ಇನ್ನಿಬ್ಬರು ಕನ್ನಡದ ಹೆಂಗಸರು ನಕ್ಕರು. ದೀಪಾ ನನ್ನ ಕಡೆ ತಿರುಗಿ, "ಸಾರಿ ಅಂಕಲ್, ಮನೇಲಿ ಗ್ರೋಸರಿಯಿಂದ ಹಿಡಿದು ಎಲ್ಲಾ ನಾನೇ ಡಿಸೈಡ್ ಮಾಡ್ತೀನಿ. ಇದೊಂದು ಅತ್ತೆ ಡಿಪಾರ್ಟ್‌ಮೆಂಟು," ಎಂದಳು. ಶಾಂತಕ್ಕನ ಮುಖ ಅರಳಿತು. ನಾನೂ ನಕ್ಕೆ. ಅವರು ಆರಿಸಿದ್ದಕ್ಕೇ ಬಿಲ್ಲು ಬರೆಯುತ್ತ ಒಳಗೊಳಗೆ ಕುದಿದೆ.

ಆಯುಧಪೂಜೆ ಮುಗಿದ ವಾರ ಅದೇ ಯಂತ್ರ ಮರಳಿ ಬಂತು. ಟಕಟಕ ಸದ್ದು ಮಾಡಿ ಕಚ್ಚಿಕೊಂಡಿತಂತೆ. ಅವರು ಬಿಟ್ಟುಹೋದ ಮೇಲೆ ತಳ ಬಿಚ್ಚಿದೆ. ಕೆಳದಾರ ಸುತ್ತಿದ ಬಾಬಿನ್ ಕೂರುವ ಜಾಗದ ಸುತ್ತ ದಾರ ಹಿಡಿಯುವ ಕೊಕ್ಕೆಯೊಂದು ತಿರುಗುತ್ತದೆ. ಅದರ ದಾರಿಯಲ್ಲಿ ಅರಿಸಿನ ಹಚ್ಚಿದ ನಾಲ್ಕಾರು ಅಕ್ಕಿಕಾಳು, ಒಂದಿಷ್ಟು ಕುಂಕುಮ. ಹಳೆಯ ಕಬ್ಬಿಣದ ಯಂತ್ರಗಳ ತಳ ತೆರೆದಿರುತ್ತದೆ. ಮೇಲೆ ಹಾಕಿದ ಅಕ್ಷತೆ ಕೆಳಗೆ ಉದುರಿಹೋಗುತ್ತದೆ. ಮೂವತ್ತು ವರ್ಷ ಪೂಜೆ ಮಾಡಿದರೂ ಶಾಂತಕ್ಕನ ಮಷೀನು ಕೆಮ್ಮದಿದ್ದದ್ದು ಅದಕ್ಕೇ. ಈಗಿನವುಗಳ ತಳವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿರುತ್ತಾರೆ. ಕಾಳನ್ನು ಚಿಮಟಿಗೆಯಲ್ಲಿ ತೆಗೆದು, ಬ್ರಷ್ ಆಡಿಸಿ, ಎಣ್ಣೆ ಬಿಟ್ಟೆ. ಯಂತ್ರ ರೇಷ್ಮೆಯಂತೆ ಓಡಿತು.

ಮರುದಿನ ಇಬ್ಬರೂ ಬಂದಾಗ ಅಕ್ಷತೆಯ ಮಾತೆತ್ತಲಿಲ್ಲ.

"ಸದ್ಯಕ್ಕ ಓಡ್ತದ," ಎಂದೆ. "ಆದರ ಈ ಬ್ರ್ಯಾಂಡು ಮೊದಲಿನಂಗ ಉಳಿದಿಲ್ಲ. ಮತ್ತ ಮತ್ತ ಹಿಂಗ ಆಗ್ತಿರ್ತದ."

"ಹೌದೇನ್ರಿ?" ಎಂದರು ಶಾಂತಕ್ಕ. ಅಷ್ಟೇ.

"ಅಂಕಲ್ ಅವತ್ತೇ ಬೇರೆ ತೋರಿಸಿದ್ರಲ್ಲ ಅತ್ತೆ," ಎಂದಳು ದೀಪಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆಫೀಸಿಗೆ ಹೊರಡುವ ಅವಸರವಿತ್ತು. ಎಕ್ಸ್‌ಚೇಂಜಿನಲ್ಲಿ ಜಪಾನಿ ಯಂತ್ರ ಒಯ್ದರು. ಶಾಂತಕ್ಕನದು ಸೆಕೆಂಡ್‌ಹ್ಯಾಂಡ್ ಕಪಾಟು ಸೇರಿ, ಕೆಲವೇ ದಿನಗಳಲ್ಲಿ ಯಾರೋ ಕಾಲೇಜು ಹುಡುಗಿಯ ಪಾಲಾಯಿತು.

ಕೆಲವು ತಿಂಗಳ ನಂತರ ಒಂದು ನಾಮಕರಣದಲ್ಲಿ ಶಾಂತಕ್ಕ ಸಿಕ್ಕರು. ಯಾರೋ ಅವರಿಗೆ ರವಿಕೆಯ ಬಟ್ಟೆ ತೋರಿಸಿ, ಇದಕ್ಕೆ ಲೈನಿಂಗ್ ಬೇಕೇ ಎಂದು ಕೇಳಿದರು. "ನನಗೇನ್ ತಿಳೀತದವಾ, ದೀಪಾನ್ನ ಕೇಳ್ರಿ," ಎಂದುಬಿಟ್ಟರು. ದೀಪಾಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ತಟ್ಟೆ ಹಿಡಿದುಕೊಂಡು ಇನ್ನೊಂದು ಮೂಲೆಗೆ ಹೋದೆ.

ಮುಂದಿನ ಆಯುಧಪೂಜೆಯ ನಂತರದ ಭಾನುವಾರ ದೀಪಾ ಫೋನ್ ಮಾಡಿದಳು. ಜಪಾನಿ ಯಂತ್ರವೂ ಕಚ್ಚಿಕೊಂಡಿತ್ತು. ಮನೆಗೇ ಹೋದೆ. ಅವರ ಊಟದ ಮೇಜಿನ ಮೇಲೆ, ಇಬ್ಬರ ಎದುರಿಗೇ ತಳ ಬಿಚ್ಚಿದೆ. ಅರಿಸಿನದ ಅಕ್ಕಿಕಾಳು ಮೇಜಿನ ಮೇಲೆ ಉರುಳಿದವು.

"ಅಯ್ಯೋ, ಈ ಸಲ ಪೂಜೆ ಮಾಡಿದ್ದು ನಾನು," ಎಂದಳು ದೀಪಾ. "ಅತ್ತೆ ಮಷೀನ್ ಮುಟ್ಟೋದನ್ನೇ ಬಿಟ್ಟಿದಾರೆ, ಆಮೇಲೆ ಒಂದ್ಸಲ ಓಡಿಸಿ ನೋಡಿದ್ದೂ ನಾನೇ. ಹಾಗಾದ್ರೆ ಪ್ರಾಬ್ಲಮ್ ಬ್ರ್ಯಾಂಡ್‌ದಲ್ಲ ಅಂತಾಯ್ತಲ್ವಾ ಅಂಕಲ್?"

ಶಾಂತಕ್ಕ ಒಂದು ಕಾಳನ್ನು ಎತ್ತಿಕೊಂಡು ನೋಡಿದರು. "ಹ್ವಾದ ವರ್ಷ ನನ್ನ ಮಷೀನಿನ್ಯಾಗೂ ಇವ ಇದ್ವೇನ್ರಿ?"

ಇಲ್ಲ ಎನ್ನುವುದು ಸುಲಭವಿತ್ತು. ಅದನ್ನು ಬಿಚ್ಚಿದಾಗ ನೋಡಿದವನು ನಾನೊಬ್ಬನೇ.

"ಇದ್ವು," ಎಂದೆ. "ನಿಮ್ಮ ಮಷೀನು ಛಲೋ ಇತ್ತು, ಶಾಂತಕ್ಕ. ಅವತ್ತು ಎಲ್ಲಾರ ಮುಂದ ನೀವು ನನ್ನ ಮಾತು ತಗದು ಹಾಕಿದ್ರಿ ಅಂತ ಸಿಟ್ಟಿತ್ತು. ಅದಕ್ಕ ಹಂಗ ಹೇಳಿದೆ."

"ಎಲ್ಲಿ ಐತಿ ಅದು ಈಗ?"

"ಮಾರಿ ಹೋತ್ರಿ."

ಅವರು ಕಾಳನ್ನು ಮೇಜಿನ ಮೇಲಿಟ್ಟರು. "ಮೂವತ್ತು ವರ್ಷ ಹೊಲದಾಕಿಗೆ ಒಂದು ಮಷೀನ್ ಆರಿಸಲಿಕ್ಕೂ ಬರಂಗಿಲ್ಲಲ್ಲ ಅಂತ ವರ್ಷಪೂರ್ತಿ ನನ್ನ ನಾನ ಬೈಕೊಂಡೀನಿ, ಗುರಣ್ಣ. ತಪ್ಪು ನಂದಲ್ಲ ಅಂತ ಗೊತ್ತಾಗಲಿಕ್ಕೆ ಇನ್ನೊಂದು ಮಷೀನು ಕೆಡಬೇಕಾತು."

ದೀಪಾ ಎದ್ದು ಹೋಗಿ ಅತ್ತೆಯ ಕುರ್ಚಿಯ ಪಕ್ಕ ನಿಂತಳು. ನಾನು ತಳ ಮುಚ್ಚಿ ಸ್ಕ್ರೂ ಬಿಗಿದೆ. ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಶಾಂತಕ್ಕನ ದನಿ ಕೇಳಿಸಿತು. "ದೀಪಾ, ಅವರಿಗೆ ಚಹಾ ಆದ್ರೂ ಕೊಡವಾ." ನಾನು ಕುಡಿಯದೆ ಬಂದೆ.

ಅವರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ. ಫ್ರೀಮಾಂಟಿನ ಬೇರೊಂದು ಅಂಗಡಿಯಲ್ಲಿ ತಮ್ಮ ಹಳೆಯ ಬ್ರ್ಯಾಂಡನ್ನೇ ಕೊಂಡರೆಂದು ಆಮೇಲೆ ಕೇಳಿದೆ. ಪೂಜೆಯ ದಿನ ಬಾಬಿನ್ ಜಾಗಕ್ಕೆ ಒಂದು ತುಂಡು ಬಟ್ಟೆ ಹೊದಿಸಿ ಅಕ್ಷತೆ ಹಾಕುತ್ತಾರಂತೆ. ಯಂತ್ರ ಚೆನ್ನಾಗಿ ಓಡುತ್ತಿದೆಯಂತೆ.

ನಿವೃತ್ತನಾಗುವವರೆಗೆ ಉಳಿದ ವರ್ಷಗಳಲ್ಲಿ ನಾನು ಯಾವ ಯಂತ್ರದ ತಳವನ್ನೂ ಗಿರಾಕಿ ಎದುರಿಗಿಲ್ಲದೆ ಬಿಚ್ಚಲಿಲ್ಲ. ಒಳಗೆ ಸಿಕ್ಕದ್ದನ್ನು ಮೊದಲು ಅವರ ಅಂಗೈಗೆ ಹಾಕಿ, ಆಮೇಲೆ ಬಾಯಿ ತೆರೆದೆ. ಯಾವ ಬ್ರ್ಯಾಂಡು ನಂಬಬಹುದು ಎಂದು ಈಗಲೂ ಫೋನ್ ಮಾಡಿ ಕೇಳುವವರಿದ್ದಾರೆ. ನೀವು ಈವರೆಗೆ ಯಾವುದರಲ್ಲಿ ಹೊಲಿದಿದ್ದೀರಿ ಎಂದು ಮೊದಲು ಅವರನ್ನೇ ಕೇಳುತ್ತೇನೆ. ಅವರು ಹೇಳಿ ಮುಗಿಸುವವರೆಗೆ ಸುಮ್ಮನಿರುವುದನ್ನು ಈ ಕೆಲಸ ನನಗೆ ಕಲಿಸಿತು. ಕಲಿಯುವುದರೊಳಗೆ ಶಾಂತಕ್ಕನ ಒಂದು ವರ್ಷ ಹೋಗಿತ್ತು.