ಅಂಗಾಲಿಗೆ ತಗಲದ ಎಳೆ

ನಮ್ಮ ಅಪ್ಪನ ಎಡಗಾಲನ್ನು ಸಕ್ಕರೆ ಕಾಯಿಲೆ ತಿಂದಿತು. ಮೊಣಕಾಲಿನ ಕೆಳಗೆ ಕತ್ತರಿಸಿ ಮನೆಗೆ ಕಳಿಸಿದ ಮೇಲೆ ಅವನು ಒಂದು ವರ್ಷ ಬದುಕಿದ. ಗಜೇಂದ್ರಗಡದ ನಮ್ಮ ಮನೆಯಲ್ಲಿ ಮಗ್ಗ ಇರುವುದು ಪಡಸಾಲೆಯಲ್ಲೇ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ಎರಡೂ ಪಾದಗಳಿಂದ ಕೆಳಗಿನ ಹಲಗೆ ತುಳಿಯುತ್ತ ಸೀರೆ ನೇಯುವ ಮಗ್ಗ ಅದು. ಅಪ್ಪ ಗೋಡೆಗೆ ಒರಗಿ ನಾನು ನೇಯುವುದನ್ನು ನೋಡುತ್ತಿದ್ದ. ಅವನ ಕೈಗಳು ಕೊನೆಯವರೆಗೂ ಗಟ್ಟಿ ಇದ್ದವು. ಆದರೆ ಒಂದು ಕಾಲಿನಿಂದ ಆ ಮಗ್ಗ ನಡೆಯುವುದಿಲ್ಲ.

ನಲವತ್ತೇಳನೇ ವಯಸ್ಸಿಗೆ ಅದೇ ಕಾಯಿಲೆ ನನಗೂ ಬಂದಿದೆ ಎಂದು ತಿಳಿದಾಗ ಸಾವಿನ ವಿಚಾರ ನನ್ನ ತಲೆಗೆ ಬರಲೇ ಇಲ್ಲ. ಕಾಲಿನದೇ ಚಿಂತೆ ಹತ್ತಿತು.

ರೋಣದಲ್ಲಿ ಡಾಕ್ಟರು ನನ್ನನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಒಂದು ಬಿರುಸಾದ ನೈಲಾನ್ ಎಳೆಯ ತುದಿಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿದರು.

“ತಗಲಿದಾಗ ಹೂಂ ಅನ್ರಿ.”

ಏನೂ ತಗಲಲಿಲ್ಲ. ನಾನು ಐದನೇ ಇಯತ್ತೆಗೇ ಸಾಲಿ ಬಿಟ್ಟವನು. ಅಕ್ಷರದ ಮುಂದೆ ಎಷ್ಟೋ ಸಲ ತಲೆ ತಗ್ಗಿಸಿದ್ದೇನೆ, ಎಳೆಯ ಮುಂದೆ ಒಮ್ಮೆಯೂ ಇಲ್ಲ. ಸಾವಿರಾರು ಎಳೆಗಳ ಹಾಸಿನಲ್ಲಿ ಒಂದು ಹರಿದರೆ ಕಣ್ಣಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತಾಗುತ್ತದೆ. ಎಳೆ ತಗಲಲಿಲ್ಲ ಎಂದು ನೇಕಾರನಾದವನು ಹೇಗೆ ಹೇಳಲಿ? ರೆಪ್ಪೆಯ ಸಂದಿಯಿಂದ ಡಾಕ್ಟರ ಮೊಣಕೈ ಅಲುಗುವುದನ್ನು ನೋಡುತ್ತ ಪ್ರತಿ ಸಲವೂ “ಹೂಂ” ಎಂದೆ.

“ಪಾದ ಜೋಮು ಹಿಡಿತಾವೇನು?”

“ಇಲ್ರಿ ಸಾಹೇಬ್ರ.”

ಕುಣಿಯಿಂದ ಎದ್ದಾಗ ನಮ್ಮ ಓಣಿಯ ಎಲ್ಲರ ಕಾಲೂ ಜೋಮು ಹಿಡಿದಿರುತ್ತದೆ. ಕಾಲು ಝಾಡಿಸಿಕೊಂಡು ನಡೆಯುತ್ತೇವೆ. ಅದನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ, ನಾನೂ ಎಂದುಕೊಂಡಿರಲಿಲ್ಲ.

“ಹಂಗಾದ್ರ ಚಲೋ ಆತು. ಗುಳಿಗಿ ತಗೋರಿ, ದಿನಾ ಅಡ್ಡಾಡ್ರಿ. ಕುಂತ ಕುಂತ ಮೈ ಕೆಟ್ಟೈತಿ,” ಎಂದರು.

ಅಡ್ಡಾಡಿಕೊಂಡಿದ್ದರೆ ಸಾಕಿತ್ತು. ನನ್ನ ಹೆಂಡತಿಯ ತಮ್ಮ ನರೇಗಲ್ಲಿನ ಸಾಲಿಯೊಂದರಲ್ಲಿ ಆಟ ಕಲಿಸುವ ಮಾಸ್ತರ. ಆ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದವನು ತಾನು ಹೋಗಿಬಂದ ಟ್ರಯಾಥ್ಲಾನಿನ ಮಾತು ತೆಗೆದ. ಮೊದಲು ಕೆರೆಯಲ್ಲಿ ಈಜಬೇಕು, ಮೇಲೆದ್ದು ಸೈಕಲ್ ಹೊಡೆಯಬೇಕು, ಇಳಿದು ಓಡಬೇಕು, ನಡುವೆ ಕೂರುವಂತಿಲ್ಲ.

“ಈಸೂದು ಸೈಕಲ್ಲು ಎರಡೂ ನನಗ ಬರ್ತಾವ. ಇನ್ನ ಉಳಿದದ್ದು ಓಡೂದು,” ಎಂದೆ.

“ಮಾಮಾ, ನೀವು ಅಡ್ಡಾಡಿದ್ರ ಸಾಕ್ರಿ. ಇದು ಭಾಳ ತ್ರಾಸಿನ ಕೆಲಸ. ನಿಮ್ಮ ಕೈಲೆ ಆಗೂದಿಲ್ಲ.”

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಅವ್ರಿಗೆ ಆಗೂದಿಲ್ಲ ಅನಬ್ಯಾಡೋ ತಮ್ಮಾ. ನಾಳೇನ ಹೊಂಟ ನಿಲ್ತಾರ.”

ಹೊರಟು ನಿಂತೆ. ಬಾಲ್ಯದಲ್ಲಿ ಈಜು ಕಲಿತ ಹೊಲದ ಬಾವಿಗೆ ಮೂವತ್ತು ವರ್ಷಗಳ ನಂತರ ಇಳಿದೆ. ನಾಲ್ಕು ಸುತ್ತಿಗೆ ಉಸಿರು ಹತ್ತಿ, ಮೆಟ್ಟಿಲು ಹಿಡಿದುಕೊಂಡು ಕೆಮ್ಮಿದೆ. ಸೀರೆಯ ಗಂಟು ಕಟ್ಟಿಕೊಂಡು ವ್ಯಾಪಾರಿಗಳ ಅಂಗಡಿಗೆ ಹೋಗುತ್ತಿದ್ದ ಹಳೆಯ ಸೈಕಲ್ಲಿಗೆ ಎಣ್ಣೆ ಬಿಟ್ಟೆ. ಬೆಳಿಗ್ಗೆ ಬೆಳಕು ಹರಿಯುವಾಗ ರೋಣದ ರಸ್ತೆಯಲ್ಲಿ ಓಡಿದೆ. ಚಾದಂಗಡಿಯ ಮುಂದೆ ಕುಳಿತವರಿಗೆ ನಾನೇ ಮೋಜು.

“ಬಸ್ ತಪ್ಪಿತೇನ್ರಿ ಕಾಕಾ? ಕಂಡಕ್ಟರಗ ಕೂಗಿ ಹೇಳ್ಲೇನು?”

“ಏ, ಅವ್ರಿಗೆ ಬಸ್ ಬ್ಯಾಡೋ. ಬಸ್ಸಿಗಿಂತ ಮೊದ್ಲ ರೋಣ ಮುಟ್ಟತಾರ.”

ನಾನು ತಿರುಗಿ ನೋಡುತ್ತಿರಲಿಲ್ಲ. ಆರು ತಿಂಗಳಲ್ಲಿ ಹೊಟ್ಟೆ ಕರಗಿತು, ರಕ್ತದಲ್ಲಿ ಸಕ್ಕರೆ ಇಳಿಯಿತು. ಡಾಕ್ಟರು ಬೆನ್ನು ತಟ್ಟಿದರು. ಅಪ್ಪ ಕಳೆದುಕೊಂಡದ್ದನ್ನು ನಾನು ದುಡಿದು ಉಳಿಸಿಕೊಂಡೆ ಎಂದು ನನಗೆ ಖಾತ್ರಿಯಾಯಿತು.

ಟ್ರಯಾಥ್ಲಾನಿನ ದಿನ ಕೆರೆಯ ದಂಡೆಯಲ್ಲಿ ನೆರೆದವರಲ್ಲಿ ಹೆಚ್ಚಿನವರು ನನ್ನ ಅರ್ಧ ವಯಸ್ಸಿನವರು. ನೀರು ತಣ್ಣಗಿತ್ತು. ಯಾರದೋ ಹಿಮ್ಮಡಿ ನನ್ನ ಮೂಗಿಗೆ ಬಡಿಯಿತು. ಎಲ್ಲರೂ ಮುಂದೆ ಹೋದ ಮೇಲೆ ನಿಧಾನವಾಗಿ ಈಜಿ ದಡ ಮುಟ್ಟಿ, ಹರಳು ಮಣ್ಣಿನಲ್ಲಿ ಬರಿಗಾಲಲ್ಲಿ ಸೈಕಲ್ಲಿನತ್ತ ಓಡಿದೆ. ಒದ್ದೆ ಪಾದಕ್ಕೆ ಕಾಲುಚೀಲ, ಬೂಟು ಹಾಕಿ ಲೇಸು ಬಿಗಿದೆ.

ಆ ಲೇಸಿನ ಮಾತು ಹೇಳಬೇಕು. ಹರಿದ ಎಳೆಗೆ ನಾವು ಹಾಕುವ ಗಂಟು ಎಳೆದಷ್ಟೂ ಬಿಗಿಯಾಗುತ್ತದೆ, ಮಗ್ಗ ಮುರಿದರೂ ಬಿಚ್ಚುವುದಿಲ್ಲ. ಸಡಿಲ ಬಿಟ್ಟ ಹಾಸಿನಲ್ಲಿ ಸೀರೆ ಕೆಡುತ್ತದೆ ಎಂದು ತಿಳಿದ ಕೈ, ಬೂಟನ್ನೂ ಹಾಗೆಯೇ ಬಿಗಿಯುತ್ತಿತ್ತು. ಹಿಂದಿನ ವಾರವೇ ಮಾಸ್ತರ ಹೇಳಿದ್ದ: “ಮಾಮಾ, ಜಗ್ಗಿದ್ರ ಬಿಚ್ಚೂಹಂಗ ಕಟ್ರಿ.”

“ಗಂಟ ಹಾಕೂದ ನನಗ ಕಲಸಾಕ ಬರಬ್ಯಾಡ ಮಾಸ್ತರ,” ಎಂದಿದ್ದೆ.

ಸೈಕಲ್ಲಿನಲ್ಲಿ ಇಬ್ಬರನ್ನು ಹಿಂದೆ ಹಾಕಿದೆ. ಇಳಿದು ಓಡಲು ಹತ್ತಿದಾಗ ಮಾಸ್ತರ ರಸ್ತೆಯ ಪಕ್ಕದಲ್ಲಿ ಜೊತೆಜೊತೆಗೆ ಓಡಿಬಂದ.

“ಮಾಮಾ, ಬಲಗಾಲ ಒಂದ್ ನಮೂನಿ ಇಡಾಕತ್ತೀರಿ. ಒಂದ್ ನಿಮಿಷ ನಿಂದ್ರಿ, ಬೂಟು ಬಿಚ್ಚಿ ನೋಡೂಣು.”

“ಏನೂ ನೂಯಾಕತ್ತಿಲ್ಲ.”

“ನೋಡಾಕ ಏನಾಗೇತ್ರಿ?”

ನಿಂತರೆ ಆ ಗಂಟು ಬಿಚ್ಚಲಿಕ್ಕೇ ಐದು ನಿಮಿಷ ಬೇಕು. ಹಿಂದೆ ಬಿಟ್ಟ ಇಬ್ಬರೂ ಮುಂದೆ ಹೋಗುತ್ತಾರೆ. ನನಗೆ ನಿಜವಾಗಿಯೂ ಏನೂ ನೋಯುತ್ತಿರಲಿಲ್ಲ. ನಿಲ್ಲಲಿಲ್ಲ.

ಕೊನೆಯಿಂದ ಮೂರನೆಯವನಾಗಿ ಮುಗಿಸಿದೆ. ಕೊರಳಿಗೆ ಪದಕ ಹಾಕಿದರು. ನೆರಳಿಗೆ ಕುಳಿತು ಲೇಸು ಬಿಚ್ಚಲು ಹೋದರೆ, ನೀರು ಕುಡಿದು ಬಿಗಿದ ಗಂಟು ನನ್ನ ಉಗುರಿಗೂ ಬಗ್ಗಲಿಲ್ಲ. ಮಾಸ್ತರ ಬ್ಲೇಡಿನಿಂದ ಕೊಯ್ದ. ಕಾಲುಚೀಲ ಅರ್ಧ ಕೆಂಪಾಗಿತ್ತು. ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ದೊಡ್ಡ ಹರಳು ಮಾಂಸದೊಳಗೆ ಕುಳಿತಿತ್ತು. ಕೆರೆಯ ದಂಡೆಯಿಂದ ನನ್ನ ಜೊತೆಗೇ ಬಂದದ್ದು ಅದು.

ಮಾಸ್ತರ ಹರಳನ್ನೂ ನನ್ನ ಮುಖವನ್ನೂ ನೋಡಿದ. “ಇದು ನಿಮಗ ಗೊತ್ತಾಗಲೇ ಇಲ್ಲೇನ್ರಿ?”

“ಅಕ್ಕನ ಮುಂದ ಹೇಳಬ್ಯಾಡ,” ಎಂದೆ.

ಅವನು ಹೇಳಲಿಲ್ಲ. ಲಗೂ ದವಾಖಾನಿಗೆ ತೋರಿಸ್ರಿ ಎಂದು ದಿನವೂ ಫೋನ್ ಮಾಡಿದ. ಹೂಂ ಹೂಂ ಎನ್ನುತ್ತ ಅರಿಶಿನ ಒತ್ತಿ, ಬಟ್ಟೆ ಸುತ್ತಿ ಕುಣಿಗೆ ಇಳಿದೆ. ಮಗ್ಗದ ಮೇಲೆ ಸೆರಗಿನ ಎಳೆ ಜೋಡಿಸಿ ನೇಯಲು ಹತ್ತಿದ್ದ ಸೀರೆ ಇತ್ತು. ಅರ್ಧಕ್ಕೆ ಬಿಟ್ಟು ಏಳುವ ರೂಢಿ ನಮ್ಮಲ್ಲಿಲ್ಲ. ಕುಣಿಯೊಳಗೆ ಕತ್ತಲೆ, ತಂಪು. ಅಲ್ಲಿ ನನ್ನ ಪಾದ ಏನಾಗುತ್ತಿದೆ ಎಂದು ನಾನೂ ನೋಡಲಿಲ್ಲ, ಯಾರಿಗೂ ಕಾಣಲಿಲ್ಲ.

ಒಂಬತ್ತನೇ ದಿನ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತ ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಮೂಗು ಎಳೆದಳು.

“ಏನ್ರಿ, ಕುಣಿಯಾಗ ಇಲಿ ಸತ್ತೈತೇನು?”

ಅವಳು ಬಗ್ಗಿ ನೋಡಿದಳು. ನನ್ನ ಕಾಲನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ, ಬಟ್ಟೆ ಬಿಚ್ಚಿದಳು. ಅವಳಿಗೆ ಮಾವನ ಕಾಲಿಗೆ ಪಟ್ಟಿ ಕಟ್ಟಿ ಗೊತ್ತಿತ್ತು. ಆ ವಾಸನೆಯ ಗುರುತು ಇತ್ತು. ಅಳಲಿಲ್ಲ, ಬೈಯಲೂ ಇಲ್ಲ. “ಏಳ್ರಿ” ಎಂದಷ್ಟೇ ಹೇಳಿ ತಮ್ಮನಿಗೆ ಫೋನ್ ಹಚ್ಚಿದಳು.

ಗದಗಿನಲ್ಲಿ ಬಲಗಾಲಿನ ಹೆಬ್ಬೆರಳನ್ನೂ ಅದರ ಪಕ್ಕದ ಎರಡು ಬೆರಳುಗಳನ್ನೂ ತೆಗೆದರು. ಪಾದ ಉಳಿಯಿತು, ಪುಣ್ಯ ಎಂದರು. ಗಾಯ ಆರಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಒಂದು ದಿನ ಕುಣಿಗೆ ಇಳಿದು ಹಲಗೆ ತುಳಿದು ನೋಡಿದೆ. ಹೆಬ್ಬೆರಳು ಇಲ್ಲದ ಪಾದ ಜಾರುತ್ತದೆ. ನೇಯ್ದ ಗೇಣುದ್ದದ ಬಟ್ಟೆಯಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಅದನ್ನು ನಾನೇ ಬಿಚ್ಚಿದೆ.

ಈಗ ಹೆಂಡತಿ ಕುಣಿಯಲ್ಲಿ ಕೂರುತ್ತಾಳೆ. ನಾನು ಅಪ್ಪ ಕೂರುತ್ತಿದ್ದ ಗೋಡೆಯ ಪಕ್ಕದಲ್ಲಿ ಅವಳಿಗೆ ಕಂಡಿಕೆ ಸುತ್ತಿಕೊಡುತ್ತೇನೆ. ಅವಳ ನೇಯ್ಗೆ ಚಲೋ ಇದೆ. ನನಗಿಂತ ನಿಧಾನ, ಆದರೆ ಚಲೋ ಇದೆ. ಪ್ರತಿ ಸೀರೆ ಇಳಿಸುವಾಗ ನನ್ನ ಕೈಗೆ ಕೊಟ್ಟು, “ನೋಡ್ರಿ, ಎಲ್ಲೆರೆ ಎಳಿ ಹೋಗೇತೇನು,” ಎನ್ನುತ್ತಾಳೆ. ಬೆರಳಾಡಿಸಿ ಹೇಳುತ್ತೇನೆ.

ಕಳೆದ ತಿಂಗಳು ರೋಣಕ್ಕೆ ಹೋಗಿದ್ದೆವು. ಡಾಕ್ಟರು ಎಡಗಾಲನ್ನು ಎದುರಿಗಿಟ್ಟುಕೊಂಡು ಅದೇ ನೈಲಾನ್ ಎಳೆ ತೆಗೆದರು. ಹೆಂಡತಿ ನನ್ನ ತಲೆಯ ಬಳಿ ಬಂದು ನಿಂತು, ತನ್ನ ಅಂಗೈಯನ್ನು ನನ್ನ ಕಣ್ಣಿನ ಮೇಲಿಟ್ಟಳು. ಬೆಳಕಿನ ಒಂದು ಗೆರೆಯೂ ಒಳಗೆ ಬರದಷ್ಟು ಬಿಗಿಯಾಗಿ.

“ತಗಲಿತೇನ್ರಿ?”

“ಇಲ್ರಿ.”

“ಈಗ?”

“ಇಲ್ರಿ.”

ಅವರು ಎಷ್ಟು ಸಲ ಕೇಳಿದರೆಂದು ನೆನಪಿಲ್ಲ. ಹಿಮ್ಮಡಿಯ ಹತ್ತಿರ ಒಂದು ಕಡೆ ಮಾತ್ರ ಏನೋ ತಗಲಿದಂತಾಯಿತು. ಖರೇನೋ ಸುಳ್ಳೋ ತಿಳಿಯದೆ ಈ ಸಲ ಹೂಂ ಎನ್ನಲಿಲ್ಲ.