ಬದುಕಿ ಉಳಿದವರ ಕಾಗದಗಳು

ಇನ್ನೊಬ್ಬರ ಕಾಗದ ಓದಬಾರದು ಎಂದು ಮಕ್ಕಳಿಗೆ ಬುದ್ಧಿ ಹೇಳಿಯೇ ನನ್ನ ಮಾಸ್ತರಿಕೆ ಮುಗಿಯಿತು. ಪಿಂಚಣಿ ಶುರುವಾದ ಮೇಲೆ ನಾನು ಹಿಡಿದ ಕೆಲಸವೆಂದರೆ ಇನ್ನೊಬ್ಬರ ಕಾಗದ ಓದುವುದು. ಅದಕ್ಕೆ ಸಂಶೋಧನೆ ಎಂದು ಹೆಸರಿಟ್ಟರೆ ಯಾರೂ ಬೈಯುವುದಿಲ್ಲ. ಶಾಲು ಹೊದಿಸುವವರೂ ಉಂಟು. ಇಷ್ಟು ಸುಸ್ತು ಮಾಡುವ ಕೆಲಸ ಮತ್ತೊಂದಿಲ್ಲ ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ.

ಡಾಕ್ಟರ್ ವೀರಭದ್ರಪ್ಪನವರು ನಮ್ಮ ಸೀಮೆಗೆ ಇಂಗ್ಲಿಷ್ ಔಷಧಿ ತಂದ ಮೊದಲಿಗರಲ್ಲಿ ಒಬ್ಬರು. ಹೈದರಾಬಾದಿನಲ್ಲಿ ಕಲಿತು ಬಂದು, ಮೂವತ್ತು-ನಲವತ್ತರ ದಶಕಗಳಲ್ಲಿ ಚಕ್ಕಡಿ ಕಟ್ಟಿಕೊಂಡು ಕೊಪ್ಪಳ, ಯಲಬುರ್ಗಾ, ಕನಕಗಿರಿ ಎಂದು ತಿರುಗುತ್ತ ಕಾಲರಾ ಸೂಜಿ ಚುಚ್ಚಿದವರು. ಸೂಜಿ ಕಂಡರೆ ಜನ ಹೊಲಕ್ಕೆ ಓಡುತ್ತಿದ್ದರಂತೆ. ಹೋದಲ್ಲಿಂದೆಲ್ಲ ಅವರು ಕುಷ್ಟಗಿಯ ಅಣ್ಣನ ಮನೆಗೆ ಬರೆದ ಪತ್ರಗಳು ಈಗ ಕೊಪ್ಪಳದ ಒಂದು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿವೆ. ಅವನ್ನು ಓದಿ ಡಾಕ್ಟರ ಜೀವನಚರಿತ್ರೆ ಬರೆಯಲು ಅವರ ಮಗಳು ಗೌರಮ್ಮನವರು ಒಪ್ಪಿಗೆ ಕೊಟ್ಟರು. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಕೇಳಿದ್ದು ಒಂದೇ ಮಾತು.

"ಮಾಸ್ತರ, ನಮ್ಮವ್ವ ತೀರಿಕೊಂಡಾಗ ಅಪ್ಪ ಏನಾರ ಬರದಾನೇನು, ಅಷ್ಟು ನೋಡ್ರಿ. ನನಗ ಮತ್ತೇನೂ ಬ್ಯಾಡ."

ಗಂಡನಿಗೆ ಅಡುಗೆ ಮಾಡಿ ಹಾಕಲೆಂದು ಗಂಗಾವತಿಗೆ ಹೋಗಿದ್ದ ಆ ತಾಯಿ ಅಲ್ಲಿಯೇ ಕಾಲರಾಕ್ಕೆ ತುತ್ತಾಗಿದ್ದರು. ಗೌರಮ್ಮ ಆಗ ಕುಷ್ಟಗಿಯಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದ ಚಿಕ್ಕ ಹುಡುಗಿ.

ಎಷ್ಟೋ ವಾರ ಧೂಳಿಗೆ ಸೀನುತ್ತ ಓದಿದೆ. ಹಳೆಯ ಪತ್ರಗಳಲ್ಲಿ ಅರ್ಧ ಪುಟ ಉಭಯ ಕುಶಲೋಪರಿಗೇ ಹೋಗುತ್ತದೆ. ಉಳಿದರ್ಧ ಹಿರಿಯರಿಗೆ ನಮಸ್ಕಾರ, ಕಿರಿಯರಿಗೆ ಆಶೀರ್ವಾದ. ಇವೆರಡರ ಸಂದಿಯಲ್ಲಿ ಎಲ್ಲೋ ವೈದ್ಯಕೀಯ ಚರಿತ್ರೆ. ಅದೂ ಸುಲಭಕ್ಕೆ ಸಿಗದು. ಬಂದ ಕಾಗದಗಳನ್ನು ತಂತಿಗೆ ಚುಚ್ಚಿ ಗೋಡೆಗೆ ತೂಗುಬಿಡುವುದು ಆಗಿನ ವಾಡಿಕೆ. ಹೀಗಾಗಿ ಪ್ರತಿ ಪತ್ರದ ನಡುವೆ ಒಂದು ತೂತು. 'ಹಿಟ್ನಾಳದಲ್ಲಿ ಇಂದು' ಎಂದು ಹೊರಟ ವಾಕ್ಯ ಆ ತೂತಿಗೆ ಬಿದ್ದು, 'ಅಂತೂ ಗುಣವಾಯಿತು' ಎಂದು ಆಚೆ ಏಳುತ್ತದೆ. ಯಾರಿಗೆ, ಏನು ಎಂಬುದು ತಂತಿಗೇ ಗೊತ್ತು. ಸಂಜೆ ಕಣ್ಣುಜ್ಜಿಕೊಂಡು ಮನೆಗೆ ಬಂದರೆ ಹೆಂಡತಿ, "ಇವತ್ತಾರ ನಿಮ್ಮ ಡಾಕ್ಟರು ಊಟ ಮಾಡಿದ್ರೇನ್ರಿ?" ಎಂದು ವಿಚಾರಿಸುತ್ತಿದ್ದಳು.

ಒಂದು ಸಂಗತಿ ಮಾತ್ರ ಎದ್ದು ಕಂಡಿತು. ಅಷ್ಟು ಪತ್ರಗಳಲ್ಲಿ ಒಂದೇ ಒಂದು ಸಾವಿಲ್ಲ. ಕಾಲರಾ ಇದೆ, ಸಿಡುಬು ಇದೆ, ಕಷ್ಟದ ಹೆರಿಗೆ ಇದೆ. ಎಲ್ಲರೂ ಎದ್ದು ಕೂತು ಗಂಜಿ ಕುಡಿದಿದ್ದಾರೆ. ದಣಿದವನಿಗೆ ಹುರುಪು ಬಂತು. 'ಇವರ ಕೈಯಲ್ಲಿ ಒಬ್ಬರೂ ಸಾಯಲಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದೆ. ಗೌರಮ್ಮನ ತಾಯಿಯ ಸಾವು ತಿಳಿದಿದ್ದೂ ಲೆಕ್ಕಕ್ಕೆ ಬರಲಿಲ್ಲ ನೋಡಿ! ಸಂಶೋಧಕನಿಗೆ ಕಾಗದದಲ್ಲಿ ಇಲ್ಲದ್ದು ಜಗತ್ತಿನಲ್ಲೂ ಇರುವುದಿಲ್ಲ.

ಕರಡು ಹಿಡಿದುಕೊಂಡು ಕುಷ್ಟಗಿಗೆ ಹೋದೆ. ನೀವು ಕೇಳಿದ್ದು ಸಿಗಲಿಲ್ಲ ಎಂದು ಹೇಳಿ, ಆ ಸಂಕೋಚ ಮುಚ್ಚಿಕೊಳ್ಳಲು ದಪ್ಪಕ್ಷರದ ಸಾಲು ಓದಿದೆ. ಗೌರಮ್ಮ ನಕ್ಕುಬಿಟ್ಟರು.

"ನೀವು ಈ ಸೀಮಿಯವರಲ್ಲೇನ್ರಿ ಮಾಸ್ತರ? ಸತ್ತ ಸುದ್ದಿ ಕಾಗದ ಯಾರ ಮನ್ಯಾಗ ಇಟ್ಕೋತಾರ್ರಿ? ಓದಿದ ಕೂಡ್ಲೆ ಹೊರಗ ನಿಂತು ಹರದು ಒಗೀತಾರ."

ನನ್ನ ಅಜ್ಜಿಯೂ ಹಾಗೆಯೇ ಹರಿಸುತ್ತಿದ್ದಳು. ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ತಂತಿಗೆ ಏರಿದ್ದು ಬದುಕಿದವರ ಸುದ್ದಿ ಮಾತ್ರ.

"ಅವ್ವ ತೀರಿಕೊಂಡ ಕಾಗದ ಬಂದಿತ್ತರಿ," ಎಂದರು ಗೌರಮ್ಮ. "ದೊಡ್ಡಪ್ಪಗ ಓದಾಕ ಬರ್ತಿದ್ದಿಲ್ಲ. ಬಂದ ಕಾಗದ ಎಲ್ಲಾ ನಾನಾ ಓದತಿದ್ದೆ. ಅವತ್ತೂ ಅಂಗಳದಾಗ ನಿಂದ್ರಿಸಿ ಓದಿಸಿದ್ರು. ಅಕ್ಷರ ತಪ್ಪಬಾರದು ಅನ್ನೂದೊಂದಾ ನನ್ನ ತಲ್ಯಾಗ. ಏನ್ ಓದಾಕತ್ತೀನಿ ಅಂತ ತಿಳೀಲೇ ಇಲ್ಲ. ಮುಗಿಸಿ ನೋಡಿದ್ರ ಎಲ್ಲಾರೂ ಅಳಾಕತ್ತಿದ್ರು. ಹರಿ ಅಂದ್ರು, ಹರದೆ. ಅಪ್ಪ ಏನ್ ಬರದಿದ್ದ, ಒಂದು ಮಾತೂ ನೆನಪಿಲ್ರಿ. ಮತ್ತೆಲ್ಲಾರ ಬರದಿದ್ದಾನೇನೋ ಅಂತ ನಿಮಗ ಕೇಳಿದೆ."

ಅಷ್ಟು ವಾರಗಳ ದಣಿವೆಲ್ಲ ಒಮ್ಮೆಲೇ ಮೈಮೇಲೆ ಬಂತು. ಪೆನ್ನು ತೆಗೆದು ಆ ದಪ್ಪಕ್ಷರದ ಸಾಲನ್ನು ಹೊಡೆದುಹಾಕಿದೆ.

"ಸತ್ತೋರೂ ಇದ್ರು ಅಂತ ಬರೀರಿ. ನಮ್ಮವ್ವನೂ ಒಬ್ಬಾಕಿ ಅಂತ ಬರೀರಿ," ಎಂದರು. "ಪುಸ್ತಕ ಯಾರೂ ಹರಿಯಂಗಿಲ್ಲಲ್ರಿ?"

"ಓದೋರು ಸಿಗೂದಾ ಕಷ್ಟ ಐತ್ರಿ ಅವ್ವಾರ, ಹರಿಯೋರು ಎಲ್ಲಿಂದ ಬರಬೇಕು?" ಎಂದೆ. ಅವರು ಮತ್ತೆ ನಕ್ಕರು.

ಬರೆಯಲು ಹೊರಟರೆ ಕೈ ನಿಂತಿತು. ಪತ್ರಗಳಲ್ಲೆಲ್ಲ ಡಾಕ್ಟರು ಆಕೆಯನ್ನು 'ಗೌರಿಯ ತಾಯಿ' ಎಂದೇ ಕರೆದಿದ್ದರು. ಗಂಡ ಹೆಂಡತಿಯ ಹೆಸರು ಹೇಳುವ ಕಾಲ ಅದಲ್ಲ. ಆಕೆಯ ನೆಗಡಿ-ಕೆಮ್ಮಿನ ಸುದ್ದಿಯವರೆಗೆ ಓದಿದ್ದ ನನಗೆ ಆಕೆಯ ಹೆಸರೇ ಗೊತ್ತಿರಲಿಲ್ಲ. ನಾಚಿಕೊಂಡು ಕೇಳಿದೆ.

"ನೀಲಗಂಗಮ್ಮ," ಎಂದರು.

ಬರೆದೆ. ಗೌರಮ್ಮ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ಸಾಲಿನ ಮೇಲೆ ಬೆರಳಿಟ್ಟು, ಅವ್ವ ಸತ್ತಳು ಎಂಬುದನ್ನು ಮೆಲ್ಲಗೆ ಓದಿದರು. ಈ ಸಲ ಅರ್ಥವಾಯಿತು, ಅತ್ತರು. ಪುಸ್ತಕ ಇನ್ನೂ ಅಚ್ಚಾಗಿಲ್ಲ. ಆದರೆ ಅದನ್ನು ಓದಬೇಕಾದವರು ಓದಿ ಆಯಿತು.