ಗೌರವ್ವ ಆಯಿಯ ತೊಂಡೆಬಳ್ಳಿ

ಗೆಳೆಯರೇ, ತೊಂಡೆ, ಬಸಳೆ ನೆಡಲೆಂದು ಇವತ್ತು ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಎತ್ತರದ ಮಡಿ ಮಾಡಿದೆ. ತುಂಬಲು ಪಕ್ಕದ ಮನೆಗೂ ನಮಗೂ ನಡುವಿನ ಬೇಲಿ ಬುಡದ ಮೆತ್ತನೆಯ ಮಣ್ಣನ್ನೇ ಅಗೆದೆ. ಸಿಕ್ಕ ಒಣ ಬೇರು, ಗಡ್ಡೆಗಳನ್ನು ಗುದ್ದಲಿಯಿಂದ ಕೊಚ್ಚಿ, ಸಗಣಿಗೊಬ್ಬರದ ಜೊತೆ ಬೆರೆಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ಗೌರವ್ವ ಆಯಿ ಬಂದರು.

"ನನ್ನ ತೊಂಡಿಬಳ್ಳಿ ಬುಡ ಕಿತ್ತಿಯೇನ ತಂಗಿ?"

"ಒಣಗಿತ್ತಲ್ರಿ ಆಯಿ..."

"ಬ್ಯಾಸಿಗ್ಯಾಗ ಒಣಗತೈತಿ, ಮಳಿ ಬಿದ್ದರ ಚಿಗೀತೈತಿ. ತವರೂರು ಸನಮಡಿಯಿಂದ ನಮ್ಮವ್ವ ಕೊಟ್ಟ ಬಳ್ಳಿ ಅದು. ನಿನಗೂ ಒಂದು ಗಡ್ಡಿ ಕೊಡೂಣು ಅಂತಿದ್ದೆ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಬ್ಬರೂ ಕೂತು ಮಡಿಯ ಮಣ್ಣನ್ನೆಲ್ಲ ಕೆದಕಿದೆವು. ಇಡಿಯಾದ ಗಡ್ಡೆ ಒಂದೂ ಸಿಗಲಿಲ್ಲ. ವರ್ಷಗಟ್ಟಲೆ ಬಾಳುವ ತರಕಾರಿ ಬೆಳೆಯಲು ಹೊರಟವಳು, ಬಾಳುತ್ತಿದ್ದುದನ್ನೇ ಗೊಬ್ಬರ ಮಾಡಿದೆ.